ಆಲೆಟ್ಟಿ ಹೇಳುವಂತೆ

ನವೆಂಬರ್ 11, ಮಂಗಳವಾರ. ಪುತ್ತೂರು.

ಮನಶ್ಶಾಸ್ತ್ರಜ್ಞರ ಜಾಗತಿಕ ಶ್ರೇಯಾಂಕವನ್ನು ಇವತ್ತು ಕಾಲೇಜಿನಲ್ಲಿ ನೋಡಿದೆ. ಒಬ್ಬರ ಬರಹವನ್ನು ಉಳಿದವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬುದೇ ಅಲ್ಲಿ ಅಳತೆ. ಮೊದಲನೆಯವರದ್ದು ಲಕ್ಷಗಳಲ್ಲಿದೆ. ಒಂದು ತಲೆಯಲ್ಲಿ ಹುಟ್ಟಿದ್ದು ಅಷ್ಟು ತಲೆಗಳನ್ನು ಹೊಕ್ಕಿದೆ ಎಂದರೆ ಮೈ ಜುಂ ಎನ್ನುತ್ತದೆ.

ನನ್ನದು ಒಂದೇ ಒಂದು. ಫಿನ್ಲೆಂಡಿನ ಯಾರೋ ಉಲ್ಲೇಖಿಸಿದ್ದಾರೆ. ತೆರೆದರೆ ಅಲ್ಲಿ ನನ್ನ ಹೆಸರೇ ಇಲ್ಲ. ನಮ್ಮ ಕಡೆಯ ಕ್ರಮದಂತೆ ತವರೂರಿನ ಹೆಸರು ಸೇರಿಸಿ 'ವಸುಮತಿ ಆಲೆಟ್ಟಿ' ಎಂದು ಬರೆದಿದ್ದೆ. ಅವರು ಊರನ್ನೇ ಮನೆತನವೆಂದುಕೊಂಡಿದ್ದಾರೆ. 'ಆಲೆಟ್ಟಿ ಹೇಳುವಂತೆ, ಸಾವಿನ ಸುದ್ದಿ ಕೈಗಳಿಗೆ ತಡವಾಗಿ ತಲುಪುತ್ತದೆ.'

ಮೊದಲು ಸಿಟ್ಟು ಬಂತು. ಆಮೇಲೆ ಆ ಸಾಲನ್ನು ಇನ್ನೊಮ್ಮೆ ಓದಿದೆ. ಆ ಮಾತು ನನ್ನದಲ್ಲವಲ್ಲ. ತವರಿನ ನೆರೆಮನೆಯ ಲೋಲಾಕ್ಷಿ ಅಕ್ಕ, ಗಂಡ ಹೋದ ಮೇಲೂ ಬೆಳಿಗ್ಗೆ ಎರಡು ಲೋಟ ಚಾ ಮಾಡುವವರು, ನನ್ನ ಸಂಶೋಧನೆಗಾಗಿ ಮಾತಾಡುವಾಗ ಹೇಳಿದ್ದು: "ಮನಸ್ಸಿಗೆ ಗೊತ್ತುಂಟು ವಸುಮತಿ, ಕೈಗೆ ಇನ್ನೂ ಗೊತ್ತಾಗ್ಲಿಲ್ಲ." ನಿಯಮದ ಪ್ರಕಾರ ಅವರ ಹೆಸರನ್ನೂ ಊರನ್ನೂ ಅಡಗಿಸಿಟ್ಟಿದ್ದೆ. ಊರು ತಾನಾಗಿ ಹೋಗಿ ಅಲ್ಲಿ ಕೂತಿದೆ.

ಸಂಜೆ ಅಕ್ಕನಿಗೆ ಫೋನ್ ಮಾಡಿ, ಅವರ ಮಾತು ಫಿನ್ಲೆಂಡಿನವರೆಗೆ ಹೋದದ್ದನ್ನು ಹೇಳಿದೆ. ಅಕ್ಕ ಕೇಳಿದ್ದು ಒಂದೇ:

"ಹಾಗಾದ್ರೆ ಅಷ್ಟು ದೂರದಲ್ಲಿಯೂ ಎರಡು ಲೋಟ ಇಡುವವರು ಉಂಟಾ?"