ಅಜ್ಜ ಬಂದರೆ ನೋಡುವವರು

ಅಪ್ಪ,

ನೀವು ಹೋದಮೇಲೆ ಮನೆಯಲ್ಲಿ ತಮಾಷೆಯ ಹೊಣೆ ನನ್ನ ತಲೆಗೆ ಬಂದಿದೆ. ಇವತ್ತು ನಿಭಾಯಿಸಲಾಗಲಿಲ್ಲ.

ಪುಟ್ಟಿಯನ್ನು ನಮ್ಮ ಮಾಮೂಲಿ ಡಾಕ್ಟರ ಬಳಿ ಕರೆದೊಯ್ದಿದ್ದೆ. ಪಾಠದ ನಡುವೆ ಎದ್ದು ಕಿಟಕಿಗೆ ಹೋಗುತ್ತಾಳೆಂದು ಟೀಚರ ದೂರು. ಸಂಜೆ ಬೆಲ್ಲಿಗೆ ಮೊದಲೇ ನೀವು ಗೇಟಿನಾಚೆ ನಿಂತು ಕೊಡೆ ಆಡಿಸುತ್ತಿದ್ದಿರಲ್ಲ, ಅದೇ ಕಿಟಕಿ.

ಡಾಕ್ಟರು ಅವಳನ್ನು ತಿರುಗುವ ಸ್ಟೂಲಿನ ಮೇಲೆ ಕೂರಿಸಿದರು. ಅವಳು ತಿರುಗಿದಳು. ನೀವಾಗಿದ್ದರೂ ತಿರುಗುತ್ತಿದ್ದಿರಿ.

“ನೋಡಿದ್ರಾ, ಒಂದು ನಿಮಿಷ ಸುಮ್ನೆ ಕೂರಲ್ಲ. ಎಡಿಎಚ್‌ಡಿ ಇದು,” ಎಂದರು. ನನ್ನ ನೆಗಡಿಗೂ ಇದಕ್ಕಿಂತ ಹೆಚ್ಚು ಹೊತ್ತು ಯೋಚಿಸಿದ್ದರು. “ಯಾವಾಗಿಂದ ಹೀಗೆ?”

“ಮೂರು ತಿಂಗಳಿಂದ.”

ಆಗ ಮನೆಯಲ್ಲಿ ಏನಾಯಿತೆಂದು ಅವರು ಕೇಳಲಿಲ್ಲ. ಹೇಳಹೊರಟರೆ ನನಗೆ ಅಲ್ಲೇ ಅಳು ಬರುತ್ತಿತ್ತು. ಹೊರಗೆ ಬೇರೆ ಜನ ಕಾಯುತ್ತಿದ್ದರು. ಮಾತ್ರೆ ಚೀಟಿ ಹಿಡಿದು ಎದ್ದೆ.

ದಾರಿಯಲ್ಲಿ ಪುಟ್ಟಿ ಕೇಳಿದಳು: “ಅಮ್ಮ, ಮಾತ್ರೆ ತಗೊಂಡ್ರೆ ಕಿಟಕಿ ಹತ್ರ ಹೋಗ್ಬೇಕು ಅಂತ ಅನ್ಸೋದೇ ಇಲ್ಲ ಅಂದ್ರಲ್ಲ ಡಾಕ್ಟ್ರು. ಆಮೇಲೆ ಅಜ್ಜ ಬಂದ್ರೆ ಯಾರು ನೋಡ್ತಾರೆ?”

“ನಾನು ನೋಡ್ತೀನಿ ಕಣೇ.”

ಚೀಟಿ ಇನ್ನೂ ಚೀಲದಲ್ಲೇ ಇದೆ. ಮನೆಗೆ ಬಂದಾಗಿನಿಂದ ನಾನು ಕಿಟಕಿ ಬಿಟ್ಟು ಕದಲಿಲ್ಲ. ನನಗೆ ಯಾರೂ ಮಾತ್ರೆ ಬರೆದುಕೊಟ್ಟಿಲ್ಲ.