ಕಾವಿ ಗೆರೆಯ ಮೀನುಗಳು

ಪ್ರೀತಿಯ ಭಾಗ್ಯಾ,

…ಎರಡೂ ಒಂದೇ ಅಲ್ಲವೇ ಎಂದೋ, ಎರಡು ಯಾಕೆ ಬೇಕು ಎಂದೋ, ಅವತ್ತು ನೀನು ಅಂದದ್ದು ಸರಿಯಾಗಿ ನೆನಪಾಗುತ್ತಿಲ್ಲ. ಚಿತ್ರಕಲೆಯ ತಾಸಿನಲ್ಲಿ ಹಲಗೆಯ ನಡುವೆ ಗೆರೆ ಎಳೆದು, ಎಡಕ್ಕೆ ನಿಜವಾದ ಸಮುದ್ರಜೀವಿಗಳು, ಬಲಕ್ಕೆ ಕಲ್ಪನೆಯವು ಎಂದು ಮರಾಠಿಯಲ್ಲಿ ಬರೆದಿದ್ದೆ. "ನಾವು ಯಾವ್ದೂ ನೋಡಿಲ್ಲಲ್ರಿ ಸರ್," ಎಂದೆ ನೀನು. ಹೌದು, ಖಂಡೇರಾಜುರಿಯ ಮರಾಠಿ ಶಾಲೆಯ ಐದನೇ ತರಗತಿಯಲ್ಲಿ ಸಮುದ್ರ ನೋಡಿದವರು ಯಾರೂ ಇರಲಿಲ್ಲ. "ಇನ್ನೂ ಚಲೋ ಆತು. ಮನಸ್ಸಿಗೆ ಬಂದದ್ದು ಬರಿ, ಯಾರೂ ತಪ್ಪು ಅನ್ನೂದಿಲ್ಲ," ಎಂದೆ ನಾನು. ನನ್ನ ಈ ಮಾತು ಮಾತ್ರ ಅಕ್ಷರ ಅಕ್ಷರ ನೆನಪಿದೆ.

ಪ್ರತೀಕ ತಿಮಿಂಗಿಲಕ್ಕೆ ಟ್ರ್ಯಾಕ್ಟರಿನ ಗಾಲಿ ಹಚ್ಚಿದ. ಅವನ ಪಕ್ಕದ ಹುಡುಗ ಸಂಘರ್ಷ ಕೃಷ್ಣಾ ಹೊಳೆಯ ಮೊಸಳೆಯನ್ನೇ ಬರೆದು, ಅದು ಸಮುದ್ರಕ್ಕೆ ನೆಂಟರ ಊರಿಗೆ ಹೋಗಿದೆ ಎಂದ. ನೀನು ಎರಡು ಹಾಳೆ ಅಂಟಿಸಿಕೊಂಡು ನಾಲ್ಕು ದಿನ ಬರೆದೆ. ಮೈತುಂಬ ಉಣ್ಣೆ, ಸುರುಳಿ ಕೊಂಬು, ಹಿಂದೆ ಮೀನಿನ ಬಾಲ. ಇಂಥವು ಒಂದು ಹಿಂಡು, ಎಲ್ಲವೂ ಒಂದೇ ದಿಕ್ಕಿಗೆ ಹೊರಟಿದ್ದವು. ಪ್ರತಿಯೊಂದರ ಬೆನ್ನ ಮೇಲೆ ಎರಡು ಕೆಂಪು ಗೆರೆ, ಬಾಲದ ಹತ್ತಿರ ಒಂದು ಬೊಟ್ಟು. ಆ ಕೆಂಪಿಗೆ ನೀನು ನನ್ನ ಬಣ್ಣದ ಡಬ್ಬಿ ಮುಟ್ಟಲಿಲ್ಲ; ಮನೆಯಿಂದ ಬೆಂಕಿಪೆಟ್ಟಿಗೆಯಲ್ಲಿ ಕಾವಿ ತಂದಿದ್ದೆ.

"ಸರ್, ಈಕಿ ಸಮುದ್ರದಾಗ ಕುರಿ ಬಿಟ್ಟಾಳ ನೋಡ್ರಿ!" ಎಂದು ಸಂಘರ್ಷ ಕೂಗಿದ. "ಅವಕ್ಕ ಈಜಾಕ ಬರ್ತೈತಿ. ನಿನಗ ಬರ್ತೈತೇನ?" ಎಂದೆ ನೀನು, ತಲೆ ಎತ್ತದೆ.

ಗೆರೆ ಯಾಕೆ ಎಂದು ನಾನು ಕೇಳಿದೆ. "ಇರಬೇಕ್ರಿ," ಎಂದೆ ನೀನು. ನಾನು ಮುಂದೆ ಕೇಳಲಿಲ್ಲ. ಶ್ರಾವಣದಲ್ಲಿ ನಿನ್ನ ಅಪ್ಪ ಭರಮಣ್ಣ ತೀರಿಕೊಂಡದ್ದು ನನಗೆ ಗೊತ್ತಿತ್ತು. ಮಕ್ಕಳ ಮನೆಯ ಸುದ್ದಿ ಕೆದಕದಿರುವುದನ್ನು ನಾನು ಸಭ್ಯತೆ ಎಂದುಕೊಂಡು ಬಂದವನು.

ಚಿತ್ರ ಸಾಂಗ್ಲಿಯ ಪ್ರದರ್ಶನಕ್ಕೆ ಹೋಗಬೇಕಿತ್ತು. ಶಾಲೆ ಬಿಟ್ಟ ಮೇಲೆ ಒಬ್ಬನೇ ಕುಳಿತು ನೋಡಿದೆ. ಇಷ್ಟು ಚೆಂದದ ಕಲ್ಪನೆಯ ಮೇಲೆ ಕುರಿದೊಡ್ಡಿಯ ಗುರುತು ಯಾಕೆ ಎನ್ನಿಸಿತು. ಒಂದೊಂದೇ ಗೆರೆಯನ್ನು ನೀಲಿಯಿಂದ ಮುಚ್ಚಿದೆ. ಗೊತ್ತಾಗದ ಹಾಗೆ ಮುಚ್ಚಿದೆ. ಅಷ್ಟು ಕೈ ನನಗಿದೆ.

ಎರಡನೇ ಬಹುಮಾನ ಬಂತು. ನಿನ್ನ ಹೆಸರು ಕರೆದರು. "ಏ ಭಾಗ್ಯಾ, ಹೋಗ!" ಎಂದು ಪ್ರತೀಕ ನೂಕಿದ. ನೀನು ಗೋಡೆಯ ಮೇಲಿನ ಚಿತ್ರವನ್ನೇ ನೋಡುತ್ತ ನಿಂತಿದ್ದೆ. "ಅದು ನಂದಲ್ರಿ," ಎಂದೆ ನನಗೆ. ಸಿಟ್ಟಿರಲಿಲ್ಲ. ಈ ಬಸ್ಸು ನಮ್ಮೂರಿಗೆ ಹೋಗುವುದಲ್ಲ ಎನ್ನುವಂತೆ ಅಂದೆ, ಅಷ್ಟೇ. ಪ್ರಮಾಣಪತ್ರ ನಾನು ಇಸಿದುಕೊಂಡೆ. ಮರಳುವಾಗ ಮಿರಜ ದಾಟುವವರೆಗೂ ನೀನು ಕಣ್ಣು ಮುಚ್ಚಿಕೊಂಡಿದ್ದೆ, ನಿದ್ದೆ ಮಾಡಿರಲಿಲ್ಲ.

ಸೋಮವಾರ ನೀನು ಬರಲಿಲ್ಲ. ಹದಿನೈದು ದಿನ ಬಿಟ್ಟು ನಿಮ್ಮ ಮನೆಗೆ ಹೋದೆ. ಬೇಗ ಹೋಗಬಹುದಿತ್ತು. ನೀನು ಮನೆಯಲ್ಲಿರಲಿಲ್ಲ. ನಿನ್ನ ಅಜ್ಜಿ ತಂಗೆವ್ವ ಕಂಬಳಿ ಹಾಸಿದರು. "ಕುಂದ್ರಿ ಮಾಸ್ತರ. ಸಮುದ್ರದಾಗ ಯಾಂವ ಕುರಿ ಕಾಯ್ತಾನ್ರಿ? ನೀವರ ಹೇಳ್ರಿ," ಎಂದು ನಕ್ಕರು. ಆಮೇಲೆ ನಗಲಿಲ್ಲ. "ಭರಮಣ್ಣ ಹೋದ ಮ್ಯಾಲ ಕುರಿ ಮಾರಿದ್ವಿರಿ. ಮೂವತ್ತೊಂದ. ಎರಡ ಗೆರಿ, ಒಂದ ಬೊಟ್ಟ, ಅದು ಆಂವಂದ ಗುರ್ತ. ಕೊಂಡಾಂವ ಅಂಗಳದಾಗ ನಿಂತ ಅದರ ಮ್ಯಾಲ ತನ್ನ ಬಣ್ಣ ಬಳದಾ. ಪೋರಿ ನೋಡಿತು. ಗುರ್ತ ಹೋದ್ರ ಕುರಿ ಯಾರದೋ ಆಕ್ಕಾವಲ್ರಿ. ನೀವು ಹಾಳಿ ಕೊಟ್ರಿ, ಎಲ್ಲಾನೂ ಹೊಳ್ಳಿ ತಂದ್ಲು. ಭಾಳ ಚಲೋ ಮಾಡಿದ್ರಿ."

ನಾನು ಚಹಾ ಕುಡಿದೆ. ಅವರು ಕೈಮುಗಿದರು, ನಾನೂ ಮುಗಿದೆ. ಪ್ರಮಾಣಪತ್ರ ಚೀಲದಿಂದ ಹೊರಗೆ ಬರಲಿಲ್ಲ.

ವಿಶ್ರಾಮಬಾಗದ ನನ್ನ ಕೋಣೆಗೆ ಬಂದು, ನನ್ನ ಹತ್ತಿರವೇ ಉಳಿದಿದ್ದ ಚಿತ್ರ ಬಿಚ್ಚಿ ಕುರಿಗಳನ್ನು ಎಣಿಸಿದೆ. ಮೂವತ್ತೊಂದು. ಬ್ಲೇಡಿನಿಂದ ನೀಲಿಯನ್ನು ಕೆರೆಯಲು ನೋಡಿದೆ, ಕಾವಿಯೂ ಅದರ ಜೊತೆಗೇ ಎದ್ದು ಬಂತು, ಹಾಳೆ ತೂತಾಯಿತು. ಗೆರೆಗಳನ್ನು ಮತ್ತೆ ಹಾಕುವುದು ನನಗೆ ಕಷ್ಟವಲ್ಲ. ಆದರೆ ಅದು ನನ್ನ ಗುರುತಲ್ಲ.

ನೀನು ರತ್ನಾಗಿರಿಯಲ್ಲಿ ನಿನ್ನ ಚಿಕ್ಕಮ್ಮ ರಂಜನಾ ಮಾವಶಿಯ ಹತ್ತಿರ ಇದ್ದೀಯಂತೆ, ಬಂದರದಲ್ಲಿ ಅವಳ ಜೊತೆ ಮೀನು ಆರಿಸುತ್ತೀಯಂತೆ. ನಿನಗೆ ಕನ್ನಡ ಓದಲು ಬಾರದೆಂದು ಗೊತ್ತಿದ್ದೇ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮರಾಠಿಯಲ್ಲಿ ಬರೆದರೆ ಕಳಿಸಬೇಕಾಗುತ್ತದೆ. ಅಷ್ಟು ಧೈರ್ಯ ಇನ್ನೂ ಬಂದಿಲ್ಲ.

ಎಲ್ಲಿದ್ದರೂ ತಣ್ಣಗಿರು, ಮಗಳೇ. ಇನ್ನೊಂದು ದಿನ ಇನ್ನಾರೋ ಒಬ್ಬರು ನಿನ್ನ ಮುಂದೆ ಬಿಳಿ ಹಾಳೆ ಇಟ್ಟು, ಮನಸ್ಸಿಗೆ ಬಂದದ್ದು ಬರಿ ಎಂದರೆ, ನೀನು ಅವರನ್ನು ನಂಬುತ್ತೀಯಾ?

ನಿನ್ನ
ಪಾರಿಸ ಸರ್