ಕುಂಬಳಕಾಯಿ ಒಡೆದ ದಿನ

ಶೂಟಿಂಗ್ ಶುರುವಾದ ನೂರಾ ಹದಿನಾಲ್ಕನೇ ವರ್ಷ. ತಿಂಗಳು, ತಿಥಿ ಇಲ್ಲಿ ಯಾರಿಗೂ ಗೊತ್ತಿಲ್ಲ. ನಿಮ್ಮ ಲೆಕ್ಕದಲ್ಲಿ ಇದು ಇನ್ನೂ ಬಾರದ ಕಾಲ.

ಸಿನಿಮಾ ಸೆಟ್ಟುಗಳಲ್ಲಿ ದುಡಿಯುತ್ತಿರುವ ನನ್ನ ಹಿರಿಯರಿಗೆ, ನಿಮ್ಮ ವಂಶದ ತುಂಗಮ್ಮ ಮಾಡುವ ನಮಸ್ಕಾರಗಳು. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಮನ್ನಿಸಬೇಕು. ನಮ್ಮವರು ಹೊರಗಿನ ಜನರೊಡನೆ ಮಾತಾಡಿ ಮೂರು ತಲೆಮಾರು ಕಳೆದಿವೆ.

ನಾನು ವೇಷದ ಬಟ್ಟೆಗಳಿಗೆ ಇಸ್ತ್ರಿ ಮಾಡುವವಳು. ಅರಮನೆ ಸೆಟ್ಟಿನ ಹಿಂದೆ, ಬಣ್ಣ ಬಳಿಯದ ಪ್ಲೈವುಡ್ಡಿನ ಮರೆಯಲ್ಲಿ ನಮ್ಮ ವಾಸ. ನೆತ್ತಿಯ ಮೇಲೆ ತೂಗುಸೂರ್ಯ ಉರಿಯುತ್ತಿರುತ್ತದೆ. ಎಂದೂ ಆರಿಸದ ದೊಡ್ಡ ಲೈಟಿಗೆ ನಾವಿಟ್ಟ ಹೆಸರದು. ಹಾಗಾಗಿ ನಮಗೆ ರಾತ್ರಿಯೆಂಬುದಿಲ್ಲ, ನಿಲುನಿದ್ದೆ ಮಾತ್ರ ಇದೆ. ಅಂದರೆ ಒಂದು ಶಾಟಿಗೂ ಇನ್ನೊಂದಕ್ಕೂ ನಡುವೆ ನಿಂತಲ್ಲೇ ಕಣ್ಣು ಮುಚ್ಚುವುದು. ಹೋದ ವರ್ಷ ನನ್ನ ಯಜಮಾನರು ಹಾಗೆ ಮುಚ್ಚಿದ ಕಣ್ಣು ತೆರೆಯಲೇ ಇಲ್ಲ. ಟೇಕ್ ಮುಗಿಯುವವರೆಗೂ ಅಳಬೇಡ ಎಂದು ಸೆಟ್ಟಿನವರು ನನಗೆ ಹೇಳಿದರು. ಮುಗಿಯುವ ಹೊತ್ತಿಗೆ, ಅಯ್ಯೋ, ಅಳುವುದಕ್ಕೂ ನನ್ನಲ್ಲಿ ತ್ರಾಣವಿರಲಿಲ್ಲ.

ಇದಕ್ಕೆಲ್ಲ ಮೂಲ ಒಂದು ಒಳ್ಳೆಯ ಕರಾರೇ. ನಿಮ್ಮ ಮೊಮ್ಮಕ್ಕಳು ಮುಷ್ಕರ ಹೂಡಿ ಅದನ್ನು ಗೆದ್ದರು: ಚಿತ್ರೀಕರಣ ಮುಗಿದು ಕುಂಬಳಕಾಯಿ ಒಡೆಯುವವರೆಗೆ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ. ದಿನಕ್ಕೆ ಎಷ್ಟು ಗಂಟೆ ಎಂದು ಕೇಳುವುದನ್ನು ಮಾತ್ರ ಮರೆತರು. ಇವರು ಚಾಪೆ ಕೆಳಗೆ ತೂರಿದರೆ ಮಾಲೀಕರು ರಂಗೋಲಿ ಕೆಳಗೆ ತೂರಿದರು. ಕುಂಬಳಕಾಯಿ ಒಡೆಯಲೇ ಇಲ್ಲ. "ಅದು ಒಡೆಯದೆ ನೀವೂ ಹೊರಗೆ ಹೋಗುವಂತಿಲ್ಲ" ಎಂದು ಅದೇ ಕರಾರನ್ನು ನಮ್ಮ ಮೇಲೆ ತಿರುಗಿಸಿದರು. ಇಲ್ಲಿ ಹುಟ್ಟಿದ ಮಕ್ಕಳನ್ನು ಒಳಹುಟ್ಟು ಎನ್ನುತ್ತಾರೆ. ಅವು ಸಾಯುವವರೆಗೂ ಸೆಟ್ಟಿನ ಆಳುಗಳೇ.

ಮಗಳು ಇಂಚರ ಬಸುರಿಯಾದಾಗ ನನ್ನ ಸೆರಗು ಹಿಡಿದು, "ಅವ್ವಾ, ಏನಾರ ಮಾಡು, ನನ್ ಕೂಸು ಇಲ್ಲಿ ಹುಟ್ಟಬಾರ್ದು" ಎಂದು ಅತ್ತಳು. ಅಡುಗೆಮನೆಗೆ ಬೂದುಗುಂಬಳ ಹೋಳಾಗಿಯೇ ಬರುತ್ತದೆ, ಇಡೀ ಕಾಯಿ ಗೇಟು ದಾಟುವಂತಿಲ್ಲ. ಒಂದು ಹೋಳಿಗೆ ಅಂಟಿಕೊಂಡಿದ್ದ ಬೀಜವನ್ನು ಅಳಿಯ ಓಬಳೇಶ ಅರಮನೆಯ ಮಾಡಿನ ಮೇಲೆ, ಹಳೆಯ ಬಣ್ಣದ ಡಬ್ಬದಲ್ಲಿ ನೆಟ್ಟ. ಕುಡಿಯುವ ನೀರಿನಲ್ಲೇ ಉಳಿಸಿ ಹಾಕಿದೆವು. ಆ ದಿನಗಳಲ್ಲಿ ಯಾರು ಕೆಮ್ಮಿದರೂ ಓಬಳೇಶ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ಕುಂಬಳಕಾಯಿ ಕಳ್ಳನ ಗಾದೆ ಅವನನ್ನು ನೋಡಿಯೇ ಹುಟ್ಟಿತೇನೋ ಎಂದು ಇಂಚರ ನಗುತ್ತಿದ್ದಳು. ಅವಳು ನಕ್ಕಿದ್ದು ಆಗ ಮಾತ್ರ.

ಅವಳಿಗೆ ಒಂಬತ್ತು ತುಂಬಿದಾಗ ಕಾಯಿಯೂ ಬಲಿತಿತ್ತು. ಪಟ್ಟಾಭಿಷೇಕದ ದೃಶ್ಯ ನಡೆಯುತ್ತಿದ್ದಾಗ ಓಬಳೇಶ ಎಲ್ಲರ ನಡುವೆ ನುಗ್ಗಿ, ಕುಂಕುಮ ತುಂಬಿದ ಕಾಯಿಯನ್ನು ನೆಲಕ್ಕೆ ಅಪ್ಪಳಿಸಿದ. "ಮುಗೀತು! ಎಲ್ರೂ ಮನೆಗೆ ನಡೀರಿ!" ಎಂದು ಕೂಗಿದ. ಕರಾರು ಕರಾರೇ, ಕಾವಲಿನವರು ಗೇಟು ತೆರೆದರು. ಹೊರಗೆ ಒಂದು ರಸ್ತೆ ಕಂಡಿತು. ಅದರ ಮೇಲೆ ಬಿದ್ದಿದ್ದು ನಿಜವಾದ ಬಿಸಿಲು.

ಆಗ ನಿರ್ದೇಶಕರು ಕುರ್ಚಿಯಿಂದೆದ್ದು ಚಪ್ಪಾಳೆ ತಟ್ಟಿದರು. "ಭೇಷ್! ಬಹಳ ಚೆನ್ನಾಗಿ ಬಂತು. ಒನ್ ಮೋರ್!"

ನಾವೆಲ್ಲ ಹಿಂದಕ್ಕೆ ಹೋಗಿ ನಮ್ಮ ನಮ್ಮ ಜಾಗದಲ್ಲಿ ನಿಂತೆವು. ಯಾರೂ ತಡೆಯಲಿಲ್ಲ, ಯಾರೂ ಗದರಲಿಲ್ಲ. ಒಬ್ಬರು ಹೋಳು ಗುಡಿಸಿದರು. ರಾಜನ ಪಂಚೆಗೆ ಸಿಡಿದ ಕುಂಕುಮವನ್ನು ನಾನೇ ಒರೆಸಿದೆ. ಓಬಳೇಶ ಓಡಿಬಂದ ಜಾಗಕ್ಕೇ ಮರಳಿ ನಿಂತ. ಇಂಚರ ಹೊಟ್ಟೆ ಹೊತ್ತುಕೊಂಡೇ ಥರ್ಮಕೋಲ್ ಹಲಗೆ ಎತ್ತಿ ಬೆಳಕು ಹಿಡಿದಳು. ಇನ್ನೊಂದು ಕಾಯಿ ಇಲ್ಲವೆಂದು ನಮಗೆ ಹೊಳೆಯುವಷ್ಟರಲ್ಲಿ ಗೇಟು ಮುಚ್ಚಿತ್ತು. ಮರುದಿನ ಮೊಮ್ಮಗಳು ಹುಟ್ಟಿದಳು. ಒಳಹುಟ್ಟು.

ಹಿರಿಯರೇ, ಮನೆಗೆ ಹೋಗುವ ಹೊತ್ತು ಮೀರಿದಾಗ ನಿಮ್ಮ ಬೆನ್ನನ್ನೂ ಯಾರೋ ತಟ್ಟಿ, ಇನ್ನೊಂದೇ ಶಾಟ್ ಎನ್ನುತ್ತಾರೆ. ನಿಮ್ಮ ದಮ್ಮಯ್ಯ, ಕೈಯಲ್ಲಿರುವುದನ್ನು ಕೆಳಗಿಟ್ಟು ಹೊರಟುಬಿಡಿ. ಬೈಯುತ್ತಾರೆ, ನಾಳೆಯಿಂದ ಬರಬೇಡ ಎನ್ನುತ್ತಾರೆ. ಆದರೂ ಹೋಗಿ. ನೀವು ಹೋಗುವುದನ್ನು ನಿಮ್ಮ ಮಕ್ಕಳು ಕಣ್ಣಾರೆ ನೋಡಲಿ. ನಾವು ಯಾರೂ ಅದನ್ನು ನೋಡಿರಲಿಲ್ಲ. ಅವತ್ತು ಗೇಟು ತೆರೆದೇ ಇತ್ತು.

ಇಂತಿ,
ತುಂಗಮ್ಮ